ಜ್ವರ ಬಿಟ್ಟ ರಾತ್ರಿ

ಮೂರೂವರೆ ಗಂಟೆ. ಹಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿದೆ, ಕರೆಂಟಿಲ್ಲ. ಮೊಬೈಲಿನ ಟಾರ್ಚನ್ನು ಗೋಡೆಗೆ ತಿರುಗಿಸಿಟ್ಟು ಪುಟ್ಟಿಯ ಹಣೆ ಮುಟ್ಟುತ್ತೇನೆ. ಬೆವರಿದೆ. ನಾಲ್ಕು ದಿನದಿಂದ ಕೆಂಡದಂತಿದ್ದ ಹಣೆ ತಣ್ಣಗಾಗಿದೆ.

"ಬಿಡ್ತಾ?" ಕತ್ತಲಲ್ಲಿ ಅತ್ತೆಯ ದನಿ. ಅವರಿಗೂ ನಿದ್ದೆಯಿಲ್ಲ.

"ಬಿಟ್ಟಿದೆ ಅತ್ತೆ."

"ದೇವರು ಕಣ್ಣು ಬಿಟ್ಟ. ಇನ್ನಾದ್ರೂ ಸ್ವಲ್ಪ ಮಲಕ್ಕೋ."

ಕಂಕುಳಲ್ಲಿಟ್ಟ ಥರ್ಮಾಮೀಟರ್ ಕೀಂಯ್ ಎನ್ನುತ್ತದೆ. 98.2. ಮೊನ್ನೆ ಇದೇ ಹೊತ್ತಿಗೆ 103 ಇತ್ತು. ಬರೆದಿಡೋಣವೆಂದು ಹಳೇ ಕ್ಯಾಲೆಂಡರಿನ ಹಾಳೆ ತೆಗೆಯುತ್ತೇನೆ. ಅದರ ಬೆನ್ನಿಗೆ ಎಲ್ಲವೂ ಇದೆ: ಪ್ಯಾರಾಸಿಟಮಾಲ್ ಸಿರಪ್ 5 ಎಂ.ಎಲ್., ಎಷ್ಟು ಗಂಟೆಗೆ, ಗಂಜಿ ಎಷ್ಟು ಚಮಚ, ಉಚ್ಚೆ ಎಷ್ಟು ಸಲ. ಪೆನ್ನು ಅಲ್ಲೇ ನಿಲ್ಲುತ್ತದೆ. ಕೊನೆಯ ಸಾಲಿನಲ್ಲಿ ಸಂಜೆ ಆರು ಗಂಟೆ. ಆಮೇಲೆ ಉಚ್ಚೆಯೇ ಹೋಗಿಲ್ಲ.

ಒಂಬತ್ತೂವರೆ ಗಂಟೆಯಾಯಿತು.

ಎರಡನೇ ದಿನ ರಕ್ತದಲ್ಲಿ ಡೆಂಗಿ ಎಂದು ಬಂದಾಗ ಡಾಕ್ಟರು ಪುಟ್ಟಿಯನ್ನು ತೂಕಕ್ಕೆ ನಿಲ್ಲಿಸಿದ್ದರು. ಹದಿನೆಂಟು ಕೆಜಿ. ಸಿರಪ್ಪಿನ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ ಎಂದರು. ಬ್ರೂಫೆನ್, ಆಸ್ಪಿರಿನ್ ಕೈಯಲ್ಲೂ ಮುಟ್ಟಬೇಡಿ, ರಕ್ತಸ್ರಾವ ಆಗಬಹುದು ಎಂದರು. ಹೊರಡುವಾಗ ಮತ್ತೆ ಕರೆದು ಹೇಳಿದ್ದು ಈಗ ಕಿವಿಯಲ್ಲಿ ಗುಂಯ್‌ಗುಡುತ್ತಿದೆ: "ಜ್ವರ ಇರೋವಾಗಿಗಿಂತ ಬಿಟ್ಟ ಮೇಲೆ ಜಾಸ್ತಿ ನಿಗಾ ಇಡಿ ಅಮ್ಮ. ಆ ಒಂದೆರಡು ದಿನವೇ ಕಷ್ಟದ್ದು."

ಟಾರ್ಚನ್ನು ಮಗುವಿನ ಕಡೆ ತಿರುಗಿಸುತ್ತೇನೆ. ಜ್ವರ ಬಿಟ್ಟ ಮಗು ಕೈಕಾಲು ಚಾಚಿ ನಿದ್ದೆ ಮಾಡಬೇಕಿತ್ತು. ಇವಳು ಮಂಡಿ ಎದೆಗೊತ್ತಿಕೊಂಡು ಹೊರಳುತ್ತಿದ್ದಾಳೆ, ನರಳುತ್ತಿದ್ದಾಳೆ. ಹೊಟ್ಟೆ ಮುಟ್ಟಿದರೆ ಕೈ ತಳ್ಳುತ್ತಾಳೆ. ಮಲಗಿದ ಮೇಲೆ ಮೂರು ಸಲ ವಾಂತಿ. ಗಂಜಿ ಹೊಟ್ಟೆಗೆ ಹಿಡಿಸಲಿಲ್ಲ ಎಂದುಕೊಂಡಿದ್ದೆವು. ಪಾದ ಹಿಡಿಯುತ್ತೇನೆ, ಬಾವಿನೀರಿನಷ್ಟು ತಣ್ಣಗೆ. ಬೆರಳಿನ ಉಗುರನ್ನು ಬಿಳಿಚುವಷ್ಟು ಒತ್ತಿ ಬಿಡುತ್ತೇನೆ. ಎರಡು ಎಣಿಸುವುದರೊಳಗೆ ಕೆಂಪು ಮರಳಬೇಕು. ಒಂದು, ಎರಡು, ಮೂರು... ನಾಲ್ಕಕ್ಕೆ ಬಂತು.

"ಅತ್ತೆ, ಏಳಿ. ಹೊರಡಣ."

"ಜ್ವರ ಬಿಟ್ಟಿದೆಯಲ್ಲೇ! ಈ ಮಳೇಲಿ? ಬೆಳಗಾಗ್ಲಿ."

"ಬೆಳಗಿನ ತನಕ ಕಾಯೋ ಹಾಗಿಲ್ಲ. ಕಾಲು ಮುಟ್ಟಿ ನೋಡಿ."

ಮುಟ್ಟುತ್ತಾರೆ. ಮತ್ತೆ ಮಾತಾಡದೆ ಕಂಬಳಿ ತರುತ್ತಾರೆ.

108ಕ್ಕೆ ಸಿಗ್ನಲ್ ಸಿಗುತ್ತಿಲ್ಲ. ನಮ್ಮ ಯಜಮಾನರು ಪಕ್ಕದ ಮನೆಯ ಜೀಪಿಗೆ ಓಡುತ್ತಾರೆ. ಅಂಗಳ ದಾಟುವಾಗ ಟಾರ್ಚಿನ ಬೆಳಕು ಬಿದ್ದಿದ್ದ ಅಡಿಕೆ ಹಾಳೆಗಳ ಮೇಲೆ ಹಾಯುತ್ತದೆ. ಒಂದೊಂದರಲ್ಲೂ ಬೊಗಸೆ ನೀರು. ಹಗಲು ಕಚ್ಚುವ ಆ ಸೊಳ್ಳೆಗೆ ಅಷ್ಟೇ ಸಾಕು. ತಿಂಗಳಿಂದ ಅವನ್ನು ತುಳಿದುಕೊಂಡೇ ಓಡಾಡಿದ್ದೇವೆ.

ತಾಲ್ಲೂಕು ಆಸ್ಪತ್ರೆಯ ನರ್ಸ್ ನನ್ನ ಮಾತು ಮುಗಿಯುವ ಮೊದಲೇ ನಾಡಿ ಹಿಡಿದು, ಡ್ರಿಪ್ಪಿಗೆ ನರ ಹುಡುಕುತ್ತಾರೆ. ರಕ್ತದ ವರದಿ ಬರುತ್ತದೆ. "ಪ್ಲೇಟ್‌ಲೆಟ್ ಎಷ್ಟು?" ಎಂದು ಎಲ್ಲರ ಹಾಗೆ ನಾನೂ ಕೇಳುತ್ತೇನೆ. ಅರವತ್ತೆರಡು ಸಾವಿರ. ಡಾಕ್ಟರ ಬೆರಳು ಬೇರೆ ಸಾಲಿನ ಮೇಲಿದೆ: ಪಿ.ಸಿ.ವಿ. ಮೊದಲು 36 ಇದ್ದದ್ದು ಈಗ 44. ರಕ್ತನಾಳದಿಂದ ನೀರಿನಂಶ ಹೊಟ್ಟೆಯೊಳಗೆ ಸೋರಿ, ಉಳಿದ ರಕ್ತ ಮಂದವಾಗುತ್ತಿದೆಯಂತೆ. ಹೊಟ್ಟೆನೋವು, ತಣ್ಣನೆ ಪಾದ, ನಿಂತ ಉಚ್ಚೆ ಎಲ್ಲ ಅದರದ್ದೇ. ಸೋರಿದ್ದರ ಬದಲಿಗೆ ಡ್ರಿಪ್ಪಿನ ನೀರು ನಾಳಕ್ಕೆ ಬೀಳಬೇಕು, ಅಳತೆ ತಪ್ಪದೆ, ಹೆಚ್ಚಾದರೂ ಕಷ್ಟ.

ಪಕ್ಕದ ಮಂಚದಲ್ಲಿ ಎರಡು ತಿಂಗಳ ಕೂಸು. ಅದರದು ಬರೀ 100.6. ಆದರೂ ಆ ತಾಯಿ ರಾತ್ರಿಯೇ ಬಂದಿದ್ದಾಳೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಮನೆಯಲ್ಲಿ ಕಾಯಬಾರದೆಂದು ಆಶಾ ಅಕ್ಕ ಹೇಳಿಕೊಟ್ಟಿದ್ದಳಂತೆ. ಎಷ್ಟು ಒಳ್ಳೆಯ ಕೆಲಸ ಮಾಡಿದ್ದಾಳೆ ಆ ಹೆಣ್ಣುಮಗಳು.

ಹನಿ ಬೀಳುತ್ತಿದೆ. ಗಂಟೆಗೊಮ್ಮೆ ನರ್ಸ್ ಉಗುರು ಒತ್ತುತ್ತಾರೆ. ಆರಕ್ಕೆ ಮೂರು ಎಣಿಸುತ್ತೇನೆ, ಏಳಕ್ಕೆ ಎರಡು. ಕಿಟಕಿಯಾಚೆ ಮಳೆ ತೆಳುವಾಗಿದೆ. ಅತ್ತೆ ಇನ್ನೂ ಪಾದ ಹಿಡಿದೇ ಕೂತಿದ್ದಾರೆ.

"ಬೆಚ್ಚಗಾಯ್ತು ಕಣೇ," ಎನ್ನುತ್ತಾರೆ.

ಎಂಟು ಹತ್ತಕ್ಕೆ ಪುಟ್ಟಿ ಕಣ್ಣು ಬಿಡುತ್ತಾಳೆ.

"ಅಮ್ಮಾ, ಉಚ್ಚೆ."

ನರ್ಸ್ ಪಾತ್ರೆ ಹಿಡಿದು ಅಳೆಯುತ್ತಾರೆ. ಮಡಚಿ ತಂದಿದ್ದ ಕ್ಯಾಲೆಂಡರಿನ ಹಾಳೆ ಬಿಡಿಸಿ, ಸಂಜೆ ಆರರ ಕೆಳಗೆ ನಾನು ಗಂಟೆ ಬರೆಯುತ್ತೇನೆ.