ಬಾಡಿಗೆಯ ಕಣ್ಣಿನಲ್ಲಿ ಭಿಗವಣ

ಊರು ಬಿಟ್ಟು ಬಂದ ನಮ್ಮಂಥವರಿಗೆ ‘ಬಾಡಿಗೆ’ ಎಂಬ ಮಾತನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪುಣೆಗೆ ಬಂದ ಮೊದಲ ದಿನದಿಂದ ನಾವು ಮನೆಯನ್ನು ಬಾಡಿಗೆಗೆ ಹಿಡಿದೆವು. ಮಂಚ, ಸೈಕಲ್ಲು, ಮದುವೆಯ ಪಾತ್ರೆ, ಗಣಪತಿ ಹಬ್ಬದ ಜಮಖಾನೆ ಎಲ್ಲವನ್ನೂ ಬಾಡಿಗೆಗೆ ತಂದು, ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿ ರೂಢಿಯಾದವರು ನಾವು. ಹನ್ನೊಂದು ತಿಂಗಳ ಕರಾರು ಮುಗಿಯುತ್ತ ಬಂದಾಗ ಎದೆ ಹೇಗೆ ಡವಗುಟ್ಟುತ್ತದೆಂಬುದನ್ನೂ ಬಲ್ಲೆವು. ಆದರೂ ಕ್ಯಾಮರಾದ ಲೆನ್ಸನ್ನು ಬಾಡಿಗೆಗೆ ತರುತ್ತೇವೆಂದಾಗ ಮನೆಯಲ್ಲಿ ಒಂದು ಕ್ಷಣ ಮೌನವಾಯಿತು. ಮೊದಲು ಮಾತಾಡಿದವರು ನಮ್ಮ ಅವ್ವ.

“ಏನಪಾ, ಮನೀಗೆ ಬಾಡಿಗಿ ಕೊಟ್ಟದ್ದು ಸಾಲದಾತಂತ ಈಗ ಕಣ್ಣಿಗೂ ಬಾಡಿಗಿ ಕೊಡಾಕ ಹೊಂಟೀಯೇನು?”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಕಾರಣವಿತ್ತು. ಹಿಂದಿನ ವರ್ಷ ಭಿಗವಣಕ್ಕೆ ಹೋಗಿ ರಾಜಹಂಸಗಳ ಚಿತ್ರ ತೆಗೆದು ತಂದಿದ್ದೆವು. ಕ್ಯಾಮರಾದ ಜೊತೆಯಲ್ಲೇ ಬಂದಿದ್ದ ಪುಟ್ಟ ಲೆನ್ಸಿನಿಂದ ತೆಗೆದ ಆ ಚಿತ್ರಗಳನ್ನು ನೋಡಿದ ನೆರೆಯವರು, “ನೀರಿನ ಮೇಲೆ ಅಕ್ಕಿ ಯಾರು ಚೆಲ್ಲಿದರು?” ಎಂದು ಕೇಳಿದ್ದರು. ದೂರದ ಹಕ್ಕಿ ಹತ್ತಿರವಾಗಬೇಕಾದರೆ ಉದ್ದನೆಯ ಲೆನ್ಸೇ ಬೇಕು. ಅದನ್ನು ಕೊಳ್ಳಲು ಹೋದರೆ ಮಗನ ಕಾಲೇಜಿನ ಫೀಜಿಗೆ ಕೈ ಹಾಕಬೇಕು. ವರ್ಷಕ್ಕೆ ಎರಡು ದಿನ ಬೇಕಾಗುವ ವಸ್ತುವನ್ನು ಮುನ್ನೂರ ಅರವತ್ಮೂರು ದಿನ ಕಪಾಟಿನಲ್ಲಿಟ್ಟು ಬೂಷ್ಟು ಹಿಡಿಸುವುದು ಯಾವ ಜಾಣತನ? ಪುಣೆಯ ತೇವದ ಮಳೆಗಾಲದಲ್ಲಿ ಲೆನ್ಸಿನ ಗಾಜಿನೊಳಗೂ ಬೂಷ್ಟು ಬೆಳೆಯುತ್ತದೆಂಬುದನ್ನು ಅನುಭವಿಗಳು ಬಲ್ಲರು.

ಹೀಗಾಗಿ 2024ರ ಯುಗಾದಿಯ ಹಿಂದಿನ ಶುಕ್ರವಾರ ಸಂಜೆ ಮಗನನ್ನು ಕರೆದುಕೊಂಡು ಪೇಟೆಯ ಒಂದು ಓಣಿಗೆ ಹೋದೆವು. ಮಹಡಿಯ ಮೇಲೆ ಸಣ್ಣ ಅಂಗಡಿ; ಗೋಡೆಯುದ್ದಕ್ಕೂ ಗಾಜಿನ ಕಪಾಟು; ಅದರಲ್ಲಿ ಉಪ್ಪಿನಕಾಯಿ ಭರಣಿಗಳ ಹಾಗೆ ಸಾಲಾಗಿ ನಿಂತ ಲೆನ್ಸುಗಳು. ಶುಕ್ರವಾರ ಸಂಜೆ ಒಯ್ದು ಸೋಮವಾರ ಬೆಳಿಗ್ಗೆ ತಂದರೆ ಎರಡೇ ದಿನದ ಬಾಡಿಗೆ. ಆಧಾರ್ ಪ್ರತಿ, ಮನೆಯ ಲೈಟ್ ಬಿಲ್ಲು, ಮೇಲೆ ಹತ್ತು ಸಾವಿರ ರೂಪಾಯಿ ಠೇವಣಿ. ಲೈಟ್ ಬಿಲ್ಲು ಮನೆಯ ಮಾಲೀಕರ ಹೆಸರಿನಲ್ಲಿದ್ದುದರಿಂದ ಬಾಡಿಗೆಯ ಕರಾರುಪತ್ರವನ್ನೂ ತೋರಿಸಬೇಕಾಯಿತು. ಒಂದು ಬಾಡಿಗೆಗೆ ಇನ್ನೊಂದು ಬಾಡಿಗೆಯ ಸಾಕ್ಷಿ!

ನಾವು ಆರಿಸಿದ್ದು ಸಿಗ್ಮಾದವರ 150ರಿಂದ 600 ಮಿಲಿಮೀಟರಿನ ಲೆನ್ಸು. ತೂಕ ಸುಮಾರು ಎರಡು ಕಿಲೋ. ಕೈಯಲ್ಲಿ ಹಿಡಿದರೆ ತೊಟ್ಟಿಲ ಕೂಸನ್ನು ಎತ್ತಿಕೊಂಡಂತೆ. ನಮ್ಮ ಕ್ಯಾನನ್ ಕ್ಯಾಮರಾದ ಒಳಗಿನ ಸೆನ್ಸರ್ ಚಿಕ್ಕದು; ಆದ್ದರಿಂದ 600 ಎಂಬುದು ಅದರಲ್ಲಿ 960ರಷ್ಟು ನೋಟವನ್ನು ಕೊಡುತ್ತದೆಂದು ಅಂಗಡಿಯವರು ತಿಳಿಸಿದರು. ಒಂದೇ ಹೆಸರಿನ ಲೆನ್ಸು ಕ್ಯಾನನ್ನಿಗೆ ಬೇರೆ, ನಿಕಾನಿಗೆ ಬೇರೆ. ಒಂದರದು ಇನ್ನೊಂದಕ್ಕೆ ಕೂಡುವುದಿಲ್ಲ. ಅಂಗಡಿಯಲ್ಲೇ ಕ್ಯಾಮರಾಕ್ಕೆ ತೊಡಿಸಿ ನೋಡದೆ ಮನೆಗೆ ತಂದು ತಲೆಯ ಮೇಲೆ ಕೈ ಹೊತ್ತವರಿದ್ದಾರೆ.

ಬಾಡಿಗೆ ಮನೆಗೆ ಹೋಗುವ ಮೊದಲು ನಲ್ಲಿ ತಿರುಗಿಸಿ, ಗೋಡೆಯ ಬಿರುಕು ನೋಡಿ, ಮಾಲೀಕರಿಗೆ ತೋರಿಸುವುದು ನಮ್ಮವರ ಪದ್ಧತಿಯಲ್ಲವೇ? ಲೆನ್ಸಿಗೂ ಅದೇ ನ್ಯಾಯ. ಮಗ ಮೊಬೈಲಿನ ಬೆಳಕು ಹಿಡಿದು ಮುಂದಿನ ಗಾಜು, ಹಿಂದಿನ ಗಾಜು ಎರಡನ್ನೂ ನೋಡಿದ. ಕ್ಯಾಮರಾಕ್ಕೆ ತಾಗುವ ಹಿತ್ತಾಳೆ ಬಣ್ಣದ ಚುಕ್ಕೆಗಳು ಸ್ವಚ್ಛವಾಗಿವೆಯೇ ಎಂದು ಪರೀಕ್ಷಿಸಿದ. ಝೂಮ್ ಬಳೆಯನ್ನು ತಿರುಗಿಸಿ, ಹತ್ತಿರದ ಗಡಿಯಾರಕ್ಕೂ ದೂರದ ಫಲಕಕ್ಕೂ ಫೋಕಸ್ ಕೂಡುತ್ತದೆಯೇ ನೋಡಿದ. ಹುಡ್ಡಿನ ಅಂಚಿನಲ್ಲಿ ಉಗುರಿನಷ್ಟು ಗೀರು ಕಂಡಿತು. ಅದನ್ನು ಚೀಟಿಯಲ್ಲಿ ಬರೆಸಿ, ನಾಲ್ಕು ಫೋಟೋ ತೆಗೆದಿಟ್ಟುಕೊಂಡೆವು. ಅಂಗಡಿಯವರು ಬೇಸರಪಡಲಿಲ್ಲ, ಹೀಗೆ ನೋಡಿ ಒಯ್ಯುವವರೇ ಜೋಪಾನ ಮಾಡುತ್ತಾರೆಂದು ನಕ್ಕರು.

ಶನಿವಾರ ಬೆಳಗಿನ ಜಾವ ಮೂರೂವರೆಗೆ ಹೊರಟೆವು. ನಾವು, ನಮ್ಮ ಮನೆಯವರು, ಮಗ. ಜೊತೆಗೆ, ಬರುವುದಿಲ್ಲ ಬರುವುದಿಲ್ಲ ಎನ್ನುತ್ತಲೇ ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ ಕುಳಿತಿದ್ದ ಅವ್ವ. ಲೆನ್ಸಿನ ಚೀಲಕ್ಕೆ ಅವ್ವನ ತೊಡೆಯೇ ಆಸನವಾಯಿತು. ಹಡಪಸರ, ಉರುಳಿ ಕಾಂಚನ, ಯವತ, ಪಾಟಸ ಎಂದು ಊರುಗಳು ಕತ್ತಲಲ್ಲಿ ಹಿಂದೆ ಸರಿದವು. ಇದು ಸೋಲಾಪುರದ ಹೆದ್ದಾರಿ. ಸೋಲಾಪುರ, ವಿಜಯಪುರ ದಾಟಿ ನಮ್ಮ ಬಾಗಲಕೋಟೆಗೆ ಮುಟ್ಟಿಸುವ ದಾರಿ. ಎಷ್ಟು ವರ್ಷ ಈ ದಾರಿಯಲ್ಲಿ ರಾತ್ರಿಯ ಬಸ್ಸಿನಲ್ಲಿ ನಿದ್ದೆಗಣ್ಣಿನಿಂದ ಹೋಗಿ ಬಂದೆವೋ! ಎಡಗಡೆಗೆ ಇಷ್ಟು ದೊಡ್ಡ ನೀರಿದೆಯೆಂದು ಕಣ್ಣು ಬಿಟ್ಟು ನೋಡಿದವರಲ್ಲ.

ಆ ನೀರು ಭೀಮಾ ನದಿಯದು. ಸೋಲಾಪುರ ಜಿಲ್ಲೆಯ ಉಜನಿಯಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟು 1980ರಲ್ಲಿ ಮುಗಿಯಿತು. ಹಿನ್ನೀರು ಪುಣೆ ಜಿಲ್ಲೆಯ ಭಿಗವಣದವರೆಗೂ ಚಾಚಿತು. ತೆಳುವಾದ ನೀರು, ಮೆತ್ತನೆಯ ಕೆಸರು, ಹೇರಳ ಮೀನು. ಹಕ್ಕಿಗಳು ವಿಳಾಸ ಹುಡುಕಿಕೊಂಡು ಬಂದವು. ಇದೇ ಭೀಮೆ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಇಳಿದು, ಗಾಣಗಾಪುರವನ್ನು ಮುಟ್ಟಿ, ರಾಯಚೂರಿನ ಕಡೆ ಕೃಷ್ಣೆಯನ್ನು ಸೇರುತ್ತಾಳೆ.

ಕುಂಭಾರಗಾವದ ದಂಡೆಗೆ ಬಂದಾಗ ಮೂಡಣ ಕೆಂಪೇರುತ್ತಿತ್ತು. ದೋಣಿ ನಡೆಸುವ ದಾದಾ ಮೀನುಗಾರರ ಮನೆತನದವರು. “ಆಜೀ, ಹಳೂ” ಎನ್ನುತ್ತ ಅವ್ವನನ್ನು ಕೈಹಿಡಿದು ಹತ್ತಿಸಿಕೊಂಡರು. ಹಿಂದಿನ ಮಳೆಗಾಲ ಕೈಕೊಟ್ಟಿದ್ದರಿಂದ ನೀರು ಬಹಳ ಹಿಂದಕ್ಕೆ ಸರಿದಿತ್ತು. ಸ್ವಲ್ಪ ದೂರ ಹೋಗಿ ದಾದಾ ಯಂತ್ರ ನಿಲ್ಲಿಸಿ ಬಿದಿರಿನ ಗಳ ಹಿಡಿದರು. ಸದ್ದು ಮಾಡಿದರೆ ಹಕ್ಕಿ ಏಳುತ್ತದೆ. ಹಾರುವ ಚಿತ್ರಕ್ಕಾಗಿ ಅವನ್ನು ಎಬ್ಬಿಸಿರೆಂದು ಕೇಳುವವರನ್ನು ತಾವು ದೋಣಿಗೆ ಹತ್ತಿಸುವುದೇ ಇಲ್ಲವೆಂದು ಹೇಳಿದರು. ಆ ಮಾತಿಗೆ ನಮ್ಮ ಮನೆಯವರು ತಲೆದೂಗಿದರು.

ಎದುರಿಗೆ ರಾಜಹಂಸಗಳು. ಮರಾಠಿಯಲ್ಲಿ ಅಗ್ನಿಪಂಖ, ಬೆಂಕಿಯ ರೆಕ್ಕೆಯ ಹಕ್ಕಿ. ನಿಂತಾಗ ಬಿಳುಪು, ರೆಕ್ಕೆ ಬಿಚ್ಚಿದರೆ ಒಳಗೆ ಕುಂಕುಮ. ಕೊಕ್ಕನ್ನು ತಲೆಕೆಳಗೆ ಮಾಡಿ ಕೆಸರುನೀರನ್ನು ಸೋಸಿ ತಿನ್ನುತ್ತವೆ. ತಿನ್ನುವ ಪಾಚಿ, ಸಣ್ಣ ಜೀವಿಗಳಲ್ಲಿರುವ ಬಣ್ಣವೇ ಗರಿಗೆ ಏರುತ್ತದೆ. ಇವು ಮೊಟ್ಟೆಯಿಡುವುದು ದೂರದ ಕಚ್ಛದ ರಣದಲ್ಲಿ; ಇಲ್ಲಿಗೆ ಬರುವುದು ಹೊಟ್ಟೆಪಾಡಿಗಾಗಿ. “ಹಂಗಾದ್ರ ಇವೂ ನಮ್ಮ ಮಂದೀನ” ಎಂದರು ಅವ್ವ.

ಮೊದಲ ಅರ್ಧ ಗಂಟೆ ನಮ್ಮ ಚಿತ್ರಗಳಲ್ಲಿ ಹಕ್ಕಿಯೇ ಇರಲಿಲ್ಲ. ಬರಿಯ ಆಕಾಶ, ಬರಿಯ ನೀರು. 600ರಲ್ಲಿ ನೋಡುವುದೆಂದರೆ ಸೂಜಿಯ ಕಣ್ಣಿನಿಂದ ಜಾತ್ರೆ ನೋಡಿದಂತೆ. ಕೊನೆಗೆ ಉಪಾಯ ಹೊಳೆಯಿತು: 150ರಲ್ಲಿ ಹಕ್ಕಿಯನ್ನು ಹುಡುಕಿ ಹಿಡಿದು, ಆಮೇಲೆ ಬಳೆ ತಿರುಗಿಸಿ ಹತ್ತಿರ ತರುವುದು. ದೋಣಿ ತೂಗುವುದರಿಂದ ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಹೆಚ್ಚಿಗೆ ಏರಿಸಿದೆವು. ಆಗ ರಾಜಹಂಸದ ಹಳದಿ ಕಣ್ಣು, ಕೊಕ್ಕಿನ ಕಪ್ಪು ತುದಿ, ತೊಟ್ಟಿಕ್ಕುವ ನೀರಹನಿ ಎಲ್ಲ ಕಂಡವು. ಪೂರ್ಣಚಂದ್ರ ತೇಜಸ್ವಿಯವರಂಥವರು ಹಕ್ಕಿಯ ಚಿತ್ರಕ್ಕಾಗಿ ತಾಳ್ಮೆಯಿಂದ ಕಾಯುತ್ತಿದ್ದುದರ ಅರ್ಥ ಅಂದು ಒಂದಿಷ್ಟು ತಿಳಿಯಿತು.

ಒಂಬತ್ತರ ಮೇಲೆ ಗಾಬರಿಯೊಂದು ಕಾದಿತ್ತು. ಇದ್ದಕ್ಕಿದ್ದಂತೆ ಚಿತ್ರಗಳೆಲ್ಲ ಮಸುಕಾದವು. ಮಗನ ಮುಖ ಸಣ್ಣದಾಯಿತು: “ಅಪ್ಪಾ, ಲೆನ್ಸ್ ಕೆಟ್ಟಂಗ ಕಾಣ್ತದ.” ಹತ್ತು ಸಾವಿರ ರೂಪಾಯಿ ನಮ್ಮ ಕಣ್ಣ ಮುಂದೆ ರೆಕ್ಕೆ ಬಿಚ್ಚಿತು. ನಮ್ಮ ಮನೆಯವರು ಮಾತ್ರ ಸಮಾಧಾನದಿಂದ, “ಮೊದಲ ಹತ್ತಿರದ್ದು ಒಂದು ತೆಗೆದು ನೋಡ್ರಿ” ಎಂದರು. ದೋಣಿಯ ಮೂಲೆಯಲ್ಲಿದ್ದ ಹಗ್ಗದ ಸುರುಳಿಯ ಚಿತ್ರ ತೆಗೆದರೆ ಎಳೆ ಎಳೆಯೂ ಸ್ಪಷ್ಟ! ದೋಷ ಲೆನ್ಸಿನದಲ್ಲ, ಏಪ್ರಿಲ್ಲಿನ ಬಿಸಿಲಿನದು. ಕಾದ ನೆಲದಿಂದ ಏಳುವ ಗಾಳಿ ದೂರದ ನೋಟವನ್ನು ಅಲುಗಿಸುತ್ತದೆ; ಒಲೆಯ ಉರಿಯ ಮೇಲಿಂದ ಆಚೆಗೆ ನೋಡಿದ ಹಾಗೆ. ಎಷ್ಟು ಬೆಲೆಯ ಗಾಜಾದರೂ ಇದಕ್ಕೆ ಮದ್ದಿಲ್ಲ. ಬೆಳಿಗ್ಗೆ ಬೇಗ ಬರುವುದೊಂದೇ ದಾರಿ. ಕ್ಯಾಮರಾ ಮುಚ್ಚಿ ದಂಡೆಗೆ ಬಂದು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು.

ಸಂಜೆ ಇಂದಾಪುರದ ದಾರಿಯಲ್ಲಿ ಪಳಸದೇವಕ್ಕೆ ಹೋದೆವು. ಉಜನಿಯ ನೀರು ಏರಿದಾಗ ಹಳೆಯ ಊರು ಮುಳುಗಿ, ಜನ ಮೇಲಕ್ಕೆ ಬಂದು ಹೊಸ ಊರು ಕಟ್ಟಿಕೊಂಡರು. ಪಳಸನಾಥನ ಪುರಾತನ ಗುಡಿ ನೀರಿನಲ್ಲೇ ಉಳಿಯಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಾತ್ರ ಅದು ಎದ್ದು ನಿಲ್ಲುತ್ತದೆ. ಆ ವರ್ಷ ನಿಂತಿತ್ತು. ನಡುವೆ ಬಿರಿದ ಕೆಸರು. ಅವ್ವನ ಮಂಡಿಗೆ ಆ ದಾರಿ ಆಗದು. “ನೀವು ಹೋಗ್ರಿ, ನಾ ಇಲ್ಲೇ ಕೂಡ್ತೀನಿ” ಎಂದರು. ಮಗ ಹೋಗಲಿಲ್ಲ. ಲೆನ್ಸನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕಿಂಡಿಯ ಪಕ್ಕದ ಪುಟ್ಟ ಚಕ್ರ ತಿರುಗಿಸಿ ಅಜ್ಜಿಯ ದೃಷ್ಟಿಗೆ ಹೊಂದಿಸಿದ. ಅವ್ವನ ಬಲಗಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯಾಗಿ ಒಳಗೆ ಲೆನ್ಸು ಕೂಡಿಸಿದ್ದಾರೆ. “ನಂದು ಸ್ವಂತದ್ದು, ನಿಂದು ಬಾಡಿಗೀದು” ಎಂದು ನಗುತ್ತ ಬಾಗಿ ನೋಡಿದರು.

ನೋಡಿದವರು ನಗು ನಿಲ್ಲಿಸಿದರು. ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಮೆಲ್ಲಗೆ, “ಇವರದು ಬ್ಯಾಸಗಿಗರೆ ಕಾಣಸ್ತದ” ಎಂದರು. ಅಷ್ಟೇ.

ನಾವು ಅವರ ಮುಖ ನೋಡಲಾರದೆ ಬೇರೆ ಕಡೆ ತಿರುಗಿದೆವು. ಈ ಸಂಗತಿಯನ್ನು ಬರೆಯಬಾರದೆಂದಿದ್ದೆವು. ಬರೆಯದಿದ್ದರೆ ಈ ಪ್ರವಾಸದ ಕಥೆ ಅರ್ಧವಾಗುತ್ತದೆ. ಬಾಗಲಕೋಟೆಯಲ್ಲಿ ನಮ್ಮ ಮನೆ ಇದ್ದುದು ಹಳೆಯ ಪೇಟೆಯ ತಗ್ಗಿನಲ್ಲಿ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ವರ್ಷವರ್ಷಕ್ಕೆ ಎತ್ತರವಾಗಿ, ಹಿನ್ನೀರು ಪೇಟೆಯ ಅಂಚಿಗೆ ಬಂದಿತು. 1999ರ ದೀಪಾವಳಿಯ ಹೊತ್ತಿಗೆ ಅಪ್ಪನ ಕಾಗದ ಬಂದಿತು: ಮನೆ ಬಿಡಬೇಕಾಗಿದೆ, ಬಿಚ್ಚುವ ಮೊದಲು ಒಂದು ಕ್ಯಾಮರಾ ತೆಗೆದುಕೊಂಡು ಬಾ. ನಮ್ಮಲ್ಲಿ ಕ್ಯಾಮರಾ ಇರಲಿಲ್ಲ. ಸ್ಟುಡಿಯೋದಲ್ಲಿ ಕೇಳಿದರೆ ದಿನಕ್ಕೆ ನೂರು ರೂಪಾಯಿ, ಠೇವಣಿ ಎರಡು ಸಾವಿರ. ದುಬಾರಿಯೆನ್ನಿಸಿತು, ಮುಂದಿನ ತಿಂಗಳ ಪಗಾರಕ್ಕೆ ನೋಡೋಣವೆಂದೆವು, ಆಮೇಲೆ ರಜೆ ಸಿಗಲಿಲ್ಲ. ನಾವು ಹೋಗುವ ಹೊತ್ತಿಗೆ ತೊಲೆ, ಬಾಗಿಲು, ಚೌಕಟ್ಟು ಎಲ್ಲ ಬಿಚ್ಚಿ ನವನಗರದ ನಿವೇಶನದಲ್ಲಿ ರಾಶಿ ಹಾಕಿದ್ದರು. ಅಪ್ಪ ಒಂದು ಮಾತೂ ಆಡಲಿಲ್ಲ. ಅವರಿದ್ದಷ್ಟು ದಿನವೂ ಆಡಲಿಲ್ಲ. ಆ ಮನೆಯ ಒಂದು ಚಿತ್ರವೂ ನಮ್ಮಲ್ಲಿಲ್ಲ.

ಸೋಮವಾರ ಬೆಳಿಗ್ಗೆ ಲೆನ್ಸನ್ನು ಒರೆಸಿ ಹಿಂದಿರುಗಿಸಿದೆವು. ಅಂಗಡಿಯವರು ಚೀಟಿಯ ಗೀರನ್ನೂ ಹುಡ್ಡಿನ ಗೀರನ್ನೂ ತಾಳೆ ನೋಡಿ, ಠೇವಣಿಯನ್ನು ಪೂರ್ತಿಯಾಗಿ ಕೊಟ್ಟರು. ಮರುದಿನ ಯುಗಾದಿ. ಬೇವು ಬೆಲ್ಲ ತಿಂದು ನಾಲ್ಕು ನೂರಕ್ಕೂ ಮಿಕ್ಕಿದ ಚಿತ್ರಗಳನ್ನು ಅವ್ವನಿಗೆ ತೋರಿಸಿದೆವು. ಯಾವುದನ್ನು ದೊಡ್ಡದಾಗಿ ಮಾಡಿಸಬೇಕೆಂದು ಕೇಳಿದರೆ, ರಾಜಹಂಸಗಳನ್ನೆಲ್ಲ ಬಿಟ್ಟು ಗುಡಿಯನ್ನು ತೋರಿಸಿದರು.

ಆ ಮಳೆಗಾಲದಲ್ಲಿ ಉಜನಿ ತುಂಬಿ ಗುಡಿ ಮತ್ತೆ ನೀರಿನೊಳಗೆ ಹೋಯಿತು. ದೀಪಾವಳಿಗೆ ನಾವು ಊರಿಗೆ ಹೊರಟಾಗ, ಹೇಳದೆ ಕೇಳದೆ ಮಗ ಅದೇ ಅಂಗಡಿಯಿಂದ ಅಗಲ ನೋಟದ ಲೆನ್ಸೊಂದನ್ನು ಬಾಡಿಗೆಗೆ ತಂದಿದ್ದ. ಇಕ್ಕಟ್ಟಾದ ಓಣಿಯಲ್ಲಿ ನಿಂತು ಇಡೀ ಮನೆಯನ್ನು ಹಿಡಿಯಲು ಅದೇ ಬೇಕಂತೆ. ಹಳೆಯ ಪೇಟೆಯಲ್ಲಿ ಇನ್ನೂ ನಿಂತಿರುವ ಬೀದಿಗಳನ್ನು, ಬಂಧುಗಳ ಪಡಸಾಲೆಗಳನ್ನು, ಬಾಗಿಲ ಕೆತ್ತನೆಗಳನ್ನು ಎರಡು ದಿನ ಬಿಡದೆ ತೆಗೆದೆವು. ಕೊನೆಗೆ ನೀರಿನ ದಂಡೆಯಲ್ಲಿ ಅವ್ವ ನಿಂತು, ಮನೆಯಿದ್ದ ಜಾಗಕ್ಕೆ ಬೆರಳು ಮಾಡಿ ತೋರಿಸಿದರು. ಆ ಚಿತ್ರದಲ್ಲಿ ಬೆರಳಿದೆ, ನೀರಿದೆ.

ಊರಿನಲ್ಲಿ ಹಳೆಯ ಮನೆ ಇನ್ನೂ ಉಳಿದಿರುವ ವಾಚಕರು ದಯವಿಟ್ಟು ಈ ರಜೆಯಲ್ಲೇ ಒಂದು ಕೆಲಸ ಮಾಡಬೇಕು. ಒಳ್ಳೆಯ ಲೆನ್ಸು ಸ್ವಂತಕ್ಕೆ ಬೇಕಾಗಿಲ್ಲ, ಎರಡು ದಿನದ ಬಾಡಿಗೆ ಸಾಕು. ಮನೆಯನ್ನು ಹೊರಗಿನಿಂದ ತೆಗೆಯಿರಿ, ಒಳಗಿನಿಂದ ತೆಗೆಯಿರಿ. ಒಲೆ, ಬಾವಿಕಟ್ಟೆ, ಮೊಳೆಯ ಗುರುತಿರುವ ಗೋಡೆ ಯಾವುದನ್ನೂ ಬಿಡಬೇಡಿರಿ.

ಈ ವರ್ಷವೂ ಊರಿಗೆ ಹೊರಡುವ ಮಾತು ನಡೆದಿದೆ. ಅವ್ವ ಮೊನ್ನೆ ತಾವಾಗಿಯೇ ಕೇಳಿದರು: “ಆ ಕಣ್ಣಿನ ಅಂಗಡ್ಯಾವಗ ಫೋನ್ ಮಾಡೀರೇನು? ಹಬ್ಬದಾಗ ಸಿಗೂದಿಲ್ಲ ಮತ್ತ.”