ನೇತ್ರಾಣಿಯ ನೀರಿನಡಿ

ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಸಾಗಿದರೆ ನೇತ್ರಾಣಿ ದ್ವೀಪ. ಮರಳಿನ ದಂಡೆ ಹುಡುಕುವವರಿಗೆ ನಿರಾಸೆಯೇ. ಸುತ್ತಲೂ ಕಡಿದಾದ ಬಂಡೆ. ನೋಡಬೇಕಾದದ್ದು ನೀರಿನಡಿಯಲ್ಲಿದೆ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದವರಿಗೆ ಗಿಣಿಮೀನು, ಚಿಟ್ಟೆಮೀನುಗಳು ಎದುರಾಗುತ್ತವೆ. ಬಂಡೆಗಂಟಿದ ಹವಳವನ್ನು ಮಕ್ಕಳು ಕಲ್ಲೆಂದೋ ಗಿಡವೆಂದೋ ತಿಳಿಯುವುದುಂಟು. ಅದು ಪ್ರಾಣಿ. ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಅದಕ್ಕೂ ಪಾಲು ಕೊಡುತ್ತದೆ. ಕಡಲು ವಾರಗಟ್ಟಲೆ ವಾಡಿಕೆಗಿಂತ ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬಿಳಿಚುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಕ್ಕೆ ಆದದ್ದು ಇದೇ.

ಗುಂಡು ಹವಳ ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ನೌಕಾಪಡೆಯ ಗುರಿ ಅಭ್ಯಾಸಕ್ಕೂ ಈ ದ್ವೀಪವೇ ಬಳಕೆಯಾಗಿತ್ತೆಂದರೆ ಸೋಜಿಗ! ಈಗ ಭಯ ಪ್ರವಾಸಿಗರದು. ಕಾಲಿಗೆ ಕಟ್ಟಿದ ರಬ್ಬರ್ ರೆಕ್ಕೆ ಒಮ್ಮೆ ಬಡಿದರೂ ಹಲವು ವರ್ಷಗಳ ಬೆಳವಣಿಗೆ ಮುರಿದು ಬೀಳುತ್ತದೆ. ಮಳೆಗಾಲದಲ್ಲಿ ಮಾತ್ರ ಉಕ್ಕುವ ಕಡಲು ದೋಣಿಗಳನ್ನು ದಡದಲ್ಲೇ ನಿಲ್ಲಿಸುತ್ತದೆ.