ಮಾಡಿದ್ದನ್ನು ಅರಿತವರು

ಕನ್ನಡದ ಮನೆಗಳಲ್ಲಿ ಹೊರಗೆ ಹೊರಟವನು 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾನೆ. ಮರೆತು 'ಹೋಗುತ್ತೇನೆ' ಎಂದರೆ ಹಿರಿಯರು ತಡೆದು ತಿದ್ದುತ್ತಾರೆ. ಮಾತು ಚಿಕ್ಕದಾದರೂ ಅದರಲ್ಲಿ ಅಡಗಿರುವ ನಂಬಿಕೆ ದೊಡ್ಡದು. ಹೊರಟವನಿಗೆ ಮರಳಿ ಬರಲು ಒಂದು ಮನೆಯಿದೆ. ಅಲ್ಲಿ ಅವನ ದಾರಿ ಕಾಯುವವರಿದ್ದಾರೆ. ಈ ನಂಬಿಕೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಆ ಮನೆಯನ್ನು ದಿನದಿನವೂ ಮನೆಯಾಗಿ ಉಳಿಸುತ್ತಿರುವವರು ಯಾರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಗಾಳಿ ಧಾರಾಳವಾಗಿರುವಾಗ ಉಸಿರಿನ ನೆನಪು ಯಾರಿಗೆ ತಾನೆ ಬಂದೀತು?

ಉಪಕಾರವನ್ನು ನೆನೆಯುವ ಗುಣಕ್ಕೆ ಕೃತಜ್ಞತೆ ಎಂದು ಹೆಸರು. ಸಂಸ್ಕೃತದಿಂದ ಕನ್ನಡಕ್ಕೆ ಬಂದಿರುವ ಈ ಪದವನ್ನು ಬಿಡಿಸಿ ನೋಡಿದರೆ ಅದರ ಸ್ವಾರಸ್ಯ ತಿಳಿಯುತ್ತದೆ. 'ಕೃತ' ಎಂದರೆ ಮಾಡಿದ್ದು. 'ಜ್ಞ' ಎಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನೇ ಕೃತಜ್ಞ. ಮಾಡಿದ್ದನ್ನು ಕೊಲ್ಲುವವನು ಕೃತಘ್ನ. ಬಾಯಲ್ಲಿ ಧನ್ಯವಾದ ಹೇಳಬೇಕೆಂಬ ಅರ್ಥ ಈ ಪದದಲ್ಲಿ ಎಲ್ಲಿಯೂ ಇಲ್ಲ. ಅದು ಕೇಳುವುದು ಅರಿವನ್ನು. ಅರಿಯಬೇಕಾದರೆ ಮೊದಲು ಕಣ್ಣು ತೆರೆದು ನೋಡಬೇಕು.

ಒಂದು ಸಾಮಾನ್ಯ ಮನೆಯ ಬೆಳಗನ್ನೇ ನೋಡಬಹುದು. ಹುಡುಗ ಹಾಸಿಗೆಯಿಂದ ಏಳುವ ವೇಳೆಗೆ ಅಂಗಳದಲ್ಲಿ ನೀರು ಚಿಮುಕಿಸಿ ರಂಗೋಲಿ ಹಾಕಿಯಾಗಿದೆ. ಒಲೆಯ ಮೇಲೆ ಹಂಚು ಕಾದಿದೆ. ಅವನ ತಟ್ಟೆಗೆ ಬೀಳುವ ಒಂದು ದೋಸೆಯ ಹಿಂದೆ ಎಷ್ಟು ಹೊತ್ತಿನ ಕಥೆಯಿದೆ! ಅಕ್ಕಿ, ಉದ್ದು ನಾಲ್ಕಾರು ಗಂಟೆ ನೆನೆಯಬೇಕು. ಅವನ್ನು ನುಣ್ಣಗೆ ರುಬ್ಬಬೇಕು. ಆ ಹಿಟ್ಟು ರಾತ್ರಿಯೆಲ್ಲ ಹುದುಗಬೇಕು. ಒಂದು ಹಗಲು, ಒಂದು ರಾತ್ರಿ ಕಳೆದು ಸಿದ್ಧವಾದ ದೋಸೆ ಐದು ನಿಮಿಷದಲ್ಲಿ ಮುಗಿಯುತ್ತದೆ. ತಿಂದವನು 'ಚಟ್ನಿಗೆ ಉಪ್ಪು ಸಾಲದು' ಎಂದಷ್ಟೇ ಹೇಳಿ ಏಳುತ್ತಾನೆ. ಅವನ ಅಂಗಿಯ ಕಿತ್ತುಹೋಗಿದ್ದ ಗುಂಡಿಯನ್ನು ಅಜ್ಜಿ ನಿನ್ನೆಯೇ ಹೊಲಿದಿದ್ದಾಳೆ. ಪುಸ್ತಕದ ಹಣಕ್ಕಾಗಿ ತಂದೆ ತನ್ನ ಹೊಸ ಚಪ್ಪಲಿಯನ್ನು ಮುಂದಿನ ತಿಂಗಳಿಗೆ ತಳ್ಳಿದ್ದಾನೆ. ಇವೊಂದೂ ಹುಡುಗನ ಕಣ್ಣಿಗೆ ಬಿದ್ದಿಲ್ಲ.

ಇದಕ್ಕೆ ಹುಡುಗನ ಕೆಟ್ಟತನ ಕಾರಣವೆನ್ನುವಂತಿಲ್ಲ. ಮನೆಗೆಲಸದ ಸ್ವಭಾವವೇ ಅಂಥದು. ಅದು ಸರಿಯಾಗಿ ನಡೆದಷ್ಟೂ ಕಾಣಿಸುವುದಿಲ್ಲ. ನಿಂತಾಗ ಮಾತ್ರ ಕಾಣಿಸುತ್ತದೆ. ತಾಯಿ ಎರಡು ದಿನ ಜ್ವರದಿಂದ ಮಲಗಿದರೆ ಸಾಕು, ನೀರಿನ ಕೊಡ ಬರಿದಾಗುತ್ತದೆ, ಪಾತ್ರೆಗಳು ರಾಶಿ ಬೀಳುತ್ತವೆ, ಒಗೆಯದ ಬಟ್ಟೆ ಮೂಲೆ ಸೇರುತ್ತದೆ. ಆಗ ಮನೆಯವರಿಗೆಲ್ಲ ಆಶ್ಚರ್ಯ: ಇಷ್ಟೊಂದು ಕೆಲಸ ಎಲ್ಲಿತ್ತು?

ಭಾರತ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಜನರು ದಿನದ ಹೊತ್ತನ್ನು ಕಳೆಯುವ ಬಗೆಯನ್ನು ಕುರಿತು ದೇಶದಾದ್ಯಂತ ಸಮೀಕ್ಷೆ ನಡೆಸಿತು. ಆರು ವರ್ಷ ಮೀರಿದವರಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು. ಆ ಕೆಲಸದಲ್ಲಿ ಕೈಗೂಡಿಸುವ ಗಂಡಸರು ಕಳೆಯುತ್ತಿದ್ದುದು 97 ನಿಮಿಷ. ಹಾಗೆ ಕೈಗೂಡಿಸುವ ಗಂಡಸರಾದರೂ ನೂರಕ್ಕೆ ಸುಮಾರು 26 ಮಂದಿ ಮಾತ್ರ. 299 ನಿಮಿಷವೆಂದರೆ ಹೆಚ್ಚು ಕಡಮೆ ಐದು ಗಂಟೆ. ಈ ಐದು ಗಂಟೆಗಳಿಗೆ ಭಾನುವಾರವಿಲ್ಲ, ಬೇಸಗೆ ರಜೆಯಿಲ್ಲ, ನಿವೃತ್ತಿಯೂ ಇಲ್ಲ.

ನಾಡಿನ ಜನ ಕೃತಜ್ಞತೆಯನ್ನು ಅರಿಯದವರೇನೂ ಅಲ್ಲ. ಉತ್ತರ ಕರ್ನಾಟಕದ ರೈತ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸುತ್ತಾನೆ. ಮಲೆನಾಡಿನ ಮನೆಗಳವರು ಭೂಮಿಹುಣ್ಣಿಮೆಯಂದು ಬಗೆಬಗೆಯ ಅಡುಗೆ ಮಾಡಿ, ತೆನೆ ತುಂಬುತ್ತಿರುವ ಗದ್ದೆಗೆ ಎಡೆಯಿಡುತ್ತಾರೆ. ಆಯುಧಪೂಜೆಯಂದು ನೇಗಿಲು, ಕೊಡಲಿ, ಹೊಲಿಗೆಯಂತ್ರ, ಬಸ್ಸುಗಳಿಗೆಲ್ಲ ಹೂವು ಕುಂಕುಮ ಸಲ್ಲುತ್ತವೆ. ಎತ್ತಿಗೊಂದು ದಿನ, ಭೂಮಿಗೊಂದು ದಿನ, ಕೊಡಲಿಗೊಂದು ದಿನ. ಮನೆಯೊಳಗೆ ದುಡಿಯುವ ಕೈಗಳಿಗೆ ಮಾತ್ರ ಹಬ್ಬದ ದಿನ ಕೆಲಸ ಇಮ್ಮಡಿ! ಎತ್ತಿಗೆ ಸಲ್ಲುವ ವಿಶ್ರಾಂತಿ ಅಮ್ಮನಿಗೆ ಸಲ್ಲದಿದ್ದರೆ ಆ ಪೂಜೆಯಲ್ಲಿ ಏನೋ ಕೊರತೆಯಿದೆ ಎನ್ನಬೇಕಾಗುತ್ತದೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ, ಪಾಂಡವರ ಹಿರಿಯಣ್ಣನಾಗಿ ರಾಜ್ಯವಾಳುವಂತೆ ಕರೆಯುತ್ತಾನೆ. ಕರ್ಣ ಒಪ್ಪುವುದಿಲ್ಲ. ಅವನಿಗೆ ನೆನಪಾಗುವುದು ತನ್ನನ್ನು ಮನೆಗೆ ತಂದ ಅಧಿರಥ. ಎದೆಹಾಲು ಕುಡಿಸಿ, ಮಲಮೂತ್ರ ಬಳಿದು ಸಾಕಿದ ರಾಧೆ. ಸಿಂಹಾಸನಕ್ಕಿಂತ ಆ ಕೈ ದೊಡ್ಡದೆಂದು ಬಗೆದ ವೀರ ಕೃತಜ್ಞರಲ್ಲಿ ಹಿರಿಯನು. ಆದರೆ ಅದೇ ಕರ್ಣ ದುರ್ಯೋಧನನ ಉಪಕಾರದ ಭಾರಕ್ಕೆ ಬಾಗಿ, ದ್ಯೂತಸಭೆಯಲ್ಲಿ ಅನ್ಯಾಯದ ಪಕ್ಷವನ್ನು ವಹಿಸಿದನು. ಉಪಕಾರವನ್ನು ನೆನೆಯುವುದು ಬೇರೆ. ವಿವೇಕವನ್ನು ಒತ್ತೆಯಿಡುವುದು ಬೇರೆ. ಮನೆಯಲ್ಲಿ ತಪ್ಪು ನಡೆದಾಗ ವಿನಯದಿಂದ ಅದನ್ನು ತಪ್ಪೆಂದು ಹೇಳುವವನೂ ಕೃತಜ್ಞನೇ. ಮನೆ ಹಸನಾಗಿರಲೆಂದೇ ಅವನು ಹೇಳುತ್ತಾನೆ.

ಈ ಅರಿವಿನಲ್ಲಿ ಒಂದು ಪಾಲು ತನಗೂ ಸಲ್ಲಬೇಕು. ಪಕ್ಕದ ಮನೆಯವನ ಅಂಕ, ಗೆಳತಿಯ ಕಂಠ, ಸಹಪಾಠಿಯ ಎತ್ತರ ಇವನ್ನೇ ನೋಡಿ ಕೊರಗುವವರಿಗೆ ತಮ್ಮಲ್ಲಿರುವುದು ಕಾಣಿಸದು. ಹೃದಯ ನಿಮಿಷಕ್ಕೆ ಸುಮಾರು 70 ಬಾರಿಯಂತೆ ದಿನಕ್ಕೆ ಒಂದು ಲಕ್ಷ ಬಾರಿ ಮಿಡಿಯುತ್ತದೆ. ಅದಕ್ಕಾಗಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹತ್ತು ಸಲ ಬಿದ್ದು ಸೈಕಲ್ ಕಲಿತ ಕಾಲು, ಅ ಆ ತಿದ್ದಿ ಪತ್ರ ಬರೆಯುವಷ್ಟು ಬಲಿತ ಕೈ ಇವು ಸಣ್ಣ ಸಂಪತ್ತಲ್ಲ. ತನ್ನನ್ನು ತಾನು ಹೀಗೆ ಮೆಚ್ಚಿಕೊಳ್ಳುವುದು ಅಹಂಕಾರವಲ್ಲ. ಸೈಕಲ್ಲಿನ ಹಿಂದೆ ಓಡಿದವರು ಯಾರು, ಅ ಆ ತಿದ್ದಿಸಿದವರು ಯಾರು ಎಂದು ನೆನೆದಾಗ ತನ್ನ ಮೈಯೂ ಮನಸ್ಸೂ ಅನೇಕರ ದುಡಿಮೆಯಿಂದ ಆದುವೆಂಬುದು ಹೊಳೆಯುತ್ತದೆ. ಅಹಂಕಾರ ತಾನಾಗಿ ಕರಗುತ್ತದೆ.

ಅರಿವು ಬಾಯಿಮಾತಿನಲ್ಲಿಯೇ ನಿಂತರೆ ಅದು ಅರ್ಧ ಅರಿವು. ತಾಯಿಯನ್ನು ದೇವರೆಂದು ಹೊಗಳಿ, ಎಂಜಲು ತಟ್ಟೆಯನ್ನು ಆಕೆಗೇ ಬಿಟ್ಟು ಏಳುವವನು ಮಾಡಿದ್ದನ್ನು ಬಲ್ಲವನಲ್ಲ. ತನ್ನ ತಟ್ಟೆ ತಾನು ತೊಳೆಯುವುದು, ಹಾಸಿಗೆ ತಾನು ಸುತ್ತಿಡುವುದು, ಒಂದು ಕೊಡ ನೀರು ತರುವುದು ಇವು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವಾಗಿ ಒದಗುವ ಪೂಜೆಗಳು. ಎಷ್ಟೋ ಮನೆಗಳಲ್ಲಿ ಎಲ್ಲರ ಊಟ ವಿಚಾರಿಸುವವಳು ತಾಯಿ; ಆಕೆಯ ಊಟವನ್ನು ಕೇಳುವವರಿಲ್ಲ. ಒಂದು ರಾತ್ರಿ ಮಗನೋ ಮಗಳೋ 'ಅಮ್ಮಾ, ನಿನ್ನ ಊಟವಾಯಿತೇ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ತಟ್ಟೆ ತಂದು ಆಕೆಯ ಮುಂದಿಟ್ಟರೆ, ಆ ಮನೆಯಲ್ಲಿ ಕೃತಜ್ಞತೆಯ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.